ಕೀ ಗೂಟದಲ್ಲೇ ಇದೆ, ಕಾರು ಅಂಗಳದಲ್ಲಿಲ್ಲ: ಕೀಲೆಸ್ ಕಾರುಗಳ ಭದ್ರತೆ ಎಲ್ಲಿ ಸೋರುತ್ತಿದೆ?

2025ರ ಜೂನ್‌ನಲ್ಲಿ ದಿಲ್ಲಿಯ ಸಫ್ದರ್‌ಜಂಗ್ ಎನ್‌ಕ್ಲೇವ್‌ನಲ್ಲಿ ಮನೆ ಮುಂದೆ ನಿಂತಿದ್ದ ಕ್ರೆಟಾ ಕಾರೊಂದನ್ನು ಕಳ್ಳರು ಒಯ್ದರು. ಸಿಸಿಟಿವಿಯ ದೃಶ್ಯ ಇನ್‌ಸ್ಟಾಗ್ರಾಂಗೆ ಬಂತು. 'ನಿಮಿಷದೊಳಗೆ ಕಾರು ಮಾಯ' ಎಂಬ ಸುದ್ದಿ ದೇಶವೆಲ್ಲ ಹರಡಿತು. ಇಂಥ ವಿಡಿಯೊಗಳು ವಾಟ್ಸಾಪ್‌ನಲ್ಲಿ ಈಗಲೂ ಬರುತ್ತಲೇ ಇರುತ್ತವೆ. ಕೆಲವದರಲ್ಲಿ ಕಳ್ಳರು ಗಾಜು ಒಡೆಯುತ್ತಾರೆ. ಕೆಲವದರಲ್ಲಿ ಒಬ್ಬ ಮನೆ ಬಾಗಿಲ ಹತ್ತಿರ ಏನೋ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಬಾಗಿಲನ್ನು ಸಲೀಸಾಗಿ ತೆಗೆದು ಕೂರುತ್ತಾನೆ. ಎಲ್ಲದರ ಜೊತೆಗೂ ಬರುವ ಸಲಹೆ ಮಾತ್ರ ಒಂದೇ: ಕೀಯನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಡಿ.

ಗೊಂದಲ ಶುರುವಾಗುವುದು ಇಲ್ಲೇ. ಬೇರೆ ಬೇರೆ ಬಗೆಯ ಕಳವುಗಳನ್ನು ನಾವು 'ಕಾರ್ ಹ್ಯಾಕಿಂಗ್' ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೇವೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಉತ್ತರ ಕನ್ನಡದವರಿಗೆ ಇದು ದೂರದ ಊರಿನ ಸುದ್ದಿ ಎನಿಸಬಹುದು. ಆದರೆ ಪುಶ್ ಬಟನ್ ಸ್ಟಾರ್ಟ್ ಈಗ ದುಬಾರಿ ಕಾರಿಗಷ್ಟೇ ಸೀಮಿತವಲ್ಲ. ಸಣ್ಣ ಕಾರುಗಳ ಮೇಲಿನ ದರ್ಜೆಯ ಮಾದರಿಗಳಲ್ಲೂ ಇದೆ. ಕೆಎ-30, ಕೆಎ-31, ಕೆಎ-47 ನಂಬರಿನ ಹೊಸ ಕಾರುಗಳೊಳಗೆ ಇಣುಕಿದರೆ ಕೀ ತೂರಿಸುವ ಕಿಂಡಿಯ ಜಾಗದಲ್ಲಿ ಗುಂಡಿ ಕಾಣುವುದು ಸಾಮಾನ್ಯ. ಜೊತೆಗೆ ನಮ್ಮ ಮನೆಗಳ ರೀತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾರು ಅಂಗಳದಲ್ಲಿ. ಅಂಗಳಕ್ಕೆ ಹೊಂದಿಕೊಂಡೇ ಜಗುಲಿ. ಜಗುಲಿ ಗೋಡೆಯ ಗೂಟದಲ್ಲಿ ಕೀ. ಎರಡರ ನಡುವೆ ಹತ್ತು ಹೆಜ್ಜೆ ಇದ್ದರೆ ಹೆಚ್ಚು.

ಕಾರು ಕೂಗುತ್ತದೆ, ಕೀ ಓಗೊಡುತ್ತದೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಗುಂಡಿ ಒತ್ತಿ ಬಾಗಿಲು ತೆಗೆದು, ಆಮೇಲೆ ಕೀ ತಿರುಗಿಸಿ ಸ್ಟಾರ್ಟ್ ಮಾಡುವುದು ಹಳೆಯ ರಿಮೋಟ್ ಕೀ. ಸ್ಮಾರ್ಟ್ ಕೀ ಹಾಗಲ್ಲ. ಅದು ಜೇಬಿನಲ್ಲಿದ್ದರೆ ಸಾಕು. ಈ ಲೇಖನದ ಹೆಚ್ಚಿನ ಮಾತು ಸ್ಮಾರ್ಟ್ ಕೀಯದು.

ನೀವು ಬಾಗಿಲಿನ ಹ್ಯಾಂಡಲ್ ಮುಟ್ಟಿದ ತಕ್ಷಣ ಕಾರು ಮೆಲ್ಲಗೆ ಒಂದು ಕೂಗು ಹಾಕುತ್ತದೆ: ನನ್ನ ಕೀ ಇಲ್ಲೇ ಇದೆಯಾ? ಈ ಕೂಗು 125 ಕಿಲೋಹರ್ಟ್ಸ್ ಆಸುಪಾಸಿನ ತರಂಗ. ಒಂದೆರಡು ಮೀಟರ್ ದಾಟಿದರೆ ಕೀಗೆ ಅದು ಕೇಳಿಸುವುದಿಲ್ಲ. ಕೇಳಿಸಿಕೊಂಡ ಕೀ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ಹತ್ತಾರು ಮೀಟರ್ ಹೋಗಬಲ್ಲದು. ಕಾರು ಪ್ರತಿ ಸಲವೂ ಹೊಸ ಪ್ರಶ್ನೆ ಕೇಳುತ್ತದೆ. ಕೀ ತನ್ನೊಳಗಿನ ಗುಟ್ಟಿನ ಸಂಖ್ಯೆಯಿಂದ ಲೆಕ್ಕ ಮಾಡಿ ಹೊಸ ಉತ್ತರ ಕಳಿಸುತ್ತದೆ. ನಿನ್ನೆಯ ಉತ್ತರವನ್ನು ಯಾರಾದರೂ ಕದ್ದು ಇಟ್ಟುಕೊಂಡಿದ್ದರೂ ಇವತ್ತು ಅದು ನಡೆಯುವುದಿಲ್ಲ.

ಇಷ್ಟು ಕೇಳಿದರೆ ವ್ಯವಸ್ಥೆ ಗಟ್ಟಿಯಾಗಿಯೇ ಇದೆ ಅನಿಸುತ್ತದೆ, ಅಲ್ವಾ? ಗುಟ್ಟಿನ ಸಂಖ್ಯೆ ಚೆನ್ನಾಗಿದ್ದರೆ ಅದನ್ನು ಊಹಿಸುವುದು ನಿಜಕ್ಕೂ ಕಷ್ಟ. ಕಳ್ಳರು ಅದರ ತಂಟೆಗೇ ಹೋಗುವುದಿಲ್ಲ.

ದೂರ ಅಳೆಯದ ಕಾರು

ಕೀ ಹತ್ತಿರ ಇದೆ ಎಂದು ಕಾರು ತೀರ್ಮಾನಿಸುವುದು ಹೇಗೆ? ಅದು ದೂರವನ್ನು ಅಳೆಯುವುದಿಲ್ಲ. 'ನನ್ನ ಮೆಲುದನಿ ಕೀಗೆ ಕೇಳಿಸಿದೆ, ಅಂದರೆ ಕೀ ಹತ್ತಿರವೇ ಇರಬೇಕು' ಎಂದುಕೊಳ್ಳುತ್ತದೆ ಅಷ್ಟೇ. ಇಡೀ ಸಮಸ್ಯೆಯ ಬೇರು ಇದು.

ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಪಕ್ಕ ನಿಂತು ಹ್ಯಾಂಡಲ್ ಮುಟ್ಟುತ್ತಾನೆ. ಕಾರು ಹಾಕಿದ ಕೂಗನ್ನು ಅವನ ಕೈಯಲ್ಲಿರುವ ಉಪಕರಣ ಹಿಡಿದು ಎರಡನೆಯವನಿಗೆ ದಾಟಿಸುತ್ತದೆ. ಎರಡನೆಯವನು ಜಗುಲಿಯ ಕಟ್ಟೆ ಹತ್ತಿರ ಆಂಟೆನಾ ಹಿಡಿದು ನಿಂತಿರುತ್ತಾನೆ. ಅವನ ಉಪಕರಣ ಅದೇ ಕೂಗನ್ನು ಜೋರಾಗಿ ಮನೆಯೊಳಕ್ಕೆ ಹಾಕುತ್ತದೆ. ಗೋಡೆಯಾಚೆ ಗೂಟದಲ್ಲಿರುವ ಕೀಗೆ ಅದು ಕೇಳುತ್ತದೆ. ಕಾರು ಪಕ್ಕದಲ್ಲೇ ಇದೆ ಎಂದು ನಂಬಿ ಅದು ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ಬಾಗಿಲು ತೆರೆಯುತ್ತದೆ. ಇದನ್ನೇ ಇನ್ನೊಮ್ಮೆ ಮಾಡಿದರೆ ಎಂಜಿನ್ನೂ ಸ್ಟಾರ್ಟ್. ಇದಕ್ಕೆ ರಿಲೇ ದಾಳಿ ಎಂದು ಹೆಸರು. ಬೀಗ ಮುರಿದಿಲ್ಲ, ಗುಟ್ಟಿನ ಸಂಖ್ಯೆಯೂ ಹೊರಬಿದ್ದಿಲ್ಲ. ಕಾರಿನ ಮಾತನ್ನು ಕೀಗೆ, ಕೀಯ ಮಾತನ್ನು ಕಾರಿಗೆ ಮುಟ್ಟಿಸಿದ್ದಷ್ಟೇ.

ಇದು ಹೊಸ ಸಂಗತಿಯೇನಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜೂರಿಚ್‌ನ ಸಂಶೋಧಕರು 2011ರಲ್ಲೇ 8 ಕಂಪನಿಗಳ 10 ಕಾರು ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಹತ್ತಕ್ಕೆ ಹತ್ತೂ ತೆರೆದವು. ಜರ್ಮನಿಯ ವಾಹನ ಮಾಲೀಕರ ದೊಡ್ಡ ಸಂಘ ಎಡಿಎಸಿ 2016ರಿಂದೀಚೆಗೆ ನೂರಾರು ಮಾದರಿಗಳನ್ನು ಹೀಗೆ ಪರೀಕ್ಷಿಸಿದೆ. ಬಹುಪಾಲು ಕಾರುಗಳು ಪರೀಕ್ಷೆಯಲ್ಲಿ ಸೋತವು. ತೊಂದರೆ ಗೊತ್ತಾಗಿ ಇಷ್ಟು ವರ್ಷವಾದ ಮೇಲೂ ಅದೇ ತಂತ್ರಜ್ಞಾನದ ಕಾರುಗಳು ಮಾರಾಟವಾಗುತ್ತಿವೆ. ಈ ವಿಷಯದಲ್ಲಿ ಬೇಸರ ತರಿಸುವ ಸಂಗತಿ ಇದೇ.

ಸ್ಟಾರ್ಟ್ ಆದ ಮೇಲೆ ಕೀ ದೂರವಾಗಿದೆ ಎಂದು ಗೊತ್ತಾದಾಗ ಕಾರು ಯಾಕೆ ನಿಲ್ಲುವುದಿಲ್ಲ ಎಂದು ಹಲವರು ಕೇಳುತ್ತಾರೆ. ಅದಕ್ಕೆ ಸರಿಯಾದ ಕಾರಣ ಇದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ತಿರುವಿನಲ್ಲಿ ಕೀಯ ಬ್ಯಾಟರಿ ಮುಗಿಯಿತು. ಆಗ ಎಂಜಿನ್ ತಾನಾಗಿ ನಿಂತರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ನೆರವು ತಪ್ಪುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಓಡುತ್ತಿರುವ ಕಾರು 'ಕೀ ಕಾಣುತ್ತಿಲ್ಲ' ಎಂದು ಎಚ್ಚರಿಸುತ್ತದೆ, ನಿಲ್ಲುವುದಿಲ್ಲ. ಪ್ರಾಣ ಉಳಿಸಲು ಮಾಡಿದ ಈ ಏರ್ಪಾಡೇ ಕಳ್ಳನಿಗೂ ಅನುಕೂಲವಾಗಿದೆ. ಒಮ್ಮೆ ಹೊರಟರೆ ಎಂಜಿನ್ ಆರಿಸುವವರೆಗೂ ಅವನು ಹೋಗಬಹುದು. ಕಾರವಾರದಿಂದ ಮಾಜಾಳಿ ಗಡಿ ದಾಟಿ ಗೋವಾ ಸೇರಲು ಅರ್ಧ ಗಂಟೆ ಸಾಕು.

ಗಾಜು ಒಡೆದಿದ್ದರೆ ಕಥೆ ಬೇರೆ

ಈಗ ದಿಲ್ಲಿಯ ವಿಡಿಯೊಗೆ ವಾಪಸ್ ಬರೋಣ. ಅಲ್ಲಿ ಕಳ್ಳರು ಗಾಜು ಒಡೆದಿದ್ದರು. ಇದು ದೊಡ್ಡ ಸುಳಿವು. ರಿಲೇ ದಾಳಿಯಲ್ಲಿ ಬಾಗಿಲು ತಾನಾಗಿ ತೆರೆಯುತ್ತದೆ, ಸದ್ದು ಮಾಡಿ ಗಾಜು ಒಡೆಯುವ ಅಗತ್ಯವೇ ಇಲ್ಲ. ಗಾಜು ಒಡೆದಿದ್ದಾರೆ ಎಂದರೆ ಅವರಿಗೆ ಬೇಕಾಗಿದ್ದು ಕಾರಿನ ಒಳಗಿನ ಏನೋ ಒಂದು.

ಸಾಮಾನ್ಯವಾಗಿ ಅದು ಒಬಿಡಿ ಪೋರ್ಟ್. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುವ ಸಣ್ಣ ಸಾಕೆಟ್. ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ಎಂಜಿನ್ನಿನ ದೋಷ ನೋಡುವುದು ಇಲ್ಲೇ. ಕೀ ಕಳೆದುಹೋದಾಗ ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸುವುದೂ ಇದೇ ದಾರಿಯಲ್ಲಿ. ಕಳ್ಳನ ಹತ್ತಿರ ಆ ಪ್ರೋಗ್ರಾಮಿಂಗ್ ಯಂತ್ರವೂ ಒಂದು ಖಾಲಿ ಕೀಯೂ ಇದ್ದರೆ, ಕೆಲವು ಮಾದರಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ಅವನೂ ಅಧಿಕೃತ 'ಮಾಲೀಕ'ನಾಗುತ್ತಾನೆ. ಬ್ರಿಟನ್ನಿನಲ್ಲಿ 2012ರ ಹೊತ್ತಿಗೆ ಬಿಎಂಡಬ್ಲ್ಯು ಕಾರುಗಳು ಸಾಲಾಗಿ ಕಳುವಾದದ್ದು ಹೀಗೆ. ದಿಲ್ಲಿ ಪೊಲೀಸರು ಹಿಡಿದ ಹಲವು ಕಾರುಗಳ್ಳರ ತಂಡಗಳ ಬಳಿಯೂ ಕೀ ಪ್ರೋಗ್ರಾಮಿಂಗ್ ಯಂತ್ರಗಳು ಸಿಕ್ಕಿವೆ.

ಇನ್ನೂ ಒಂದು ದಾರಿ ಇದೆ. ಈಗಿನ ಕಾರಿನ ದೀಪ, ಬಾಗಿಲು, ಎಂಜಿನ್ ಎಲ್ಲದರಲ್ಲೂ ಪುಟ್ಟ ಕಂಪ್ಯೂಟರುಗಳಿವೆ. ಅವು ಕ್ಯಾನ್ ಎಂಬ ಒಳಗಿನ ತಂತಿ ಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಈ ಜಾಲದಲ್ಲಿ ಒಬ್ಬರನ್ನೊಬ್ಬರು ನಂಬುವುದೇ ರೂಢಿ. 'ಕೀ ಸರಿ ಇದೆ' ಎಂಬ ಸಂದೇಶ ಬಂದರೆ ಯಾರು ಕಳಿಸಿದ್ದು ಎಂದು ಎಂಜಿನ್ ಕೇಳುವುದಿಲ್ಲ. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತೆಯ ಸಂಶೋಧಕರೊಬ್ಬರದ್ದೇ ಟೊಯೊಟಾ ಆರ್‌ಎವಿ4 ಕಳುವಾಯಿತು. ಅದಕ್ಕೂ ಮೊದಲು ಬಂಪರ್ ಎಳೆದು, ಹೆಡ್‌ಲೈಟಿನ ತಂತಿ ಬಿಚ್ಚಿದ ಗುರುತು ಕಂಡಿತ್ತು. ಅವರು ಬೆನ್ನು ಹತ್ತಿ ಹೋದಾಗ ಗೊತ್ತಾಯಿತು: ಕಳ್ಳರು ಹೆಡ್‌ಲೈಟಿನ ತಂತಿಯ ಮೂಲಕ ಒಳಜಾಲಕ್ಕೆ ಸುಳ್ಳು ಸಂದೇಶ ನುಗ್ಗಿಸುತ್ತಾರೆ. ಬ್ಲೂಟೂತ್ ಸ್ಪೀಕರಿನ ವೇಷ ಹಾಕಿದ ಉಪಕರಣವೇ ಇದಕ್ಕೆ ಮಾರಾಟಕ್ಕಿತ್ತು. 2023ರಲ್ಲಿ ಈ ವಿವರಗಳು ಹೊರಬಂದವು.

ಈ ಎರಡೂ ದಾರಿಗಳಲ್ಲಿ ಕಳ್ಳನಿಗೆ ನಿಮ್ಮ ಕೀಯ ಹಂಗೇ ಇಲ್ಲ. ಹಾಗಿರುವಾಗ ಆ ಕೀಯನ್ನು ಫಾಯಿಲಿನಲ್ಲಿ ಸುತ್ತಿ ಏನು ಉಪಯೋಗ? ವಾಟ್ಸಾಪಿನ ಸಲಹೆ ಸೋಲುವುದು ಇಲ್ಲಿ.

ಕೀ ತಿರುಗಿಸುವ ಕಾರೇ ವಾಸಿಯೇ?

'ಅದಕ್ಕೇ ಹಳೇ ಕೀನೇ ಒಳ್ಳೇದು' ಎನ್ನುವವರಿದ್ದಾರೆ. ಅಮೆರಿಕದ ಅನುಭವ ಅದಕ್ಕೆ ಒಪ್ಪುವುದಿಲ್ಲ.

2021ರ ನಂತರ ಅಲ್ಲಿ ಹ್ಯುಂಡೈ ಮತ್ತು ಕಿಯಾ ಕಾರುಗಳ ಕಳವು ಒಮ್ಮೆಲೇ ಏರಿತು. ಹುಡುಗರು ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕಿತ್ತು, ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿ ಕಾರು ಓಡಿಸಿಕೊಂಡು ಹೋಗುವ ವಿಡಿಯೊ ಹಾಕಿದರು. ಕಳುವಾದವು ಕೀ ತಿರುಗಿಸುವ ಮಾದರಿಗಳು. ಅವುಗಳಲ್ಲಿ ಇಮೊಬಿಲೈಜರ್ ಇರಲಿಲ್ಲ. ಅಂದರೆ ಕೀಯೊಳಗಿನ ಚಿಪ್ ಸರಿ ಇದೆಯೇ ಎಂದು ನೋಡಿ ಆಮೇಲೆ ಎಂಜಿನ್ ಬಿಡುವ ಭಾಗ. ಅದೇ ಕಂಪನಿಗಳ ಪುಶ್ ಬಟನ್ ಕಾರುಗಳಲ್ಲಿ ಅದು ಇತ್ತು, ಆ ಉಪಾಯ ಅವುಗಳ ಮೇಲೆ ನಡೆಯಲಿಲ್ಲ. ಪಕ್ಕದ ಕೆನಡಾದಲ್ಲಿ 2007ರಿಂದಲೇ ಹೊಸ ಕಾರುಗಳಿಗೆ ಇಮೊಬಿಲೈಜರ್ ಕಡ್ಡಾಯ. ಹಾಗಾಗಿ ಅಲ್ಲಿನ ಅದೇ ಮಾದರಿಗಳನ್ನು ಹೀಗೆ ಕದಿಯಲು ಆಗಲಿಲ್ಲ. ಅಮೆರಿಕದಲ್ಲಿ ಆ ಕಡ್ಡಾಯ ಇರಲಿಲ್ಲ, ಕಂಪನಿಗಳು ಖರ್ಚು ಉಳಿಸಿದವು. 2023ರಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ತಿದ್ದುಪಡಿ ಕೊಡುವುದಾಗಿ ಹೇಳಬೇಕಾಯಿತು.

ಕಾನೂನು ಕೇಳದಿದ್ದರೆ ಕಂಪನಿ ಹಾಕುವುದಿಲ್ಲ, ಕಂಪನಿ ಹಾಕದಿದ್ದರೆ ಮಾಲೀಕ ಕಳೆದುಕೊಳ್ಳುತ್ತಾನೆ. ಗುಂಡಿಯೋ ಕೀಯೋ ಎನ್ನುವುದಕ್ಕಿಂತ ಈ ಸರಪಳಿ ಮುಖ್ಯ.

ಯಾರ ವಾದ ಏನು

ಕಂಪನಿಗಳು ಹೇಳುವುದು: ಯಾವ ಬೀಗವೂ ಪೂರ್ತಿ ಸುರಕ್ಷಿತವಲ್ಲ, ಜನರಿಗೆ ಅನುಕೂಲ ಬೇಕು, ದೋಷದ ವಿವರ ಬಯಲಾದರೆ ಕಳ್ಳರಿಗೇ ಪಾಠವಾಗುತ್ತದೆ. ಈ ಕೊನೆಯ ವಾದ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಇಮೊಬಿಲೈಜರ್ ಚಿಪ್ ಒಂದರ ದೋಷ ಕಂಡುಹಿಡಿದ ಸಂಶೋಧಕರ ಪ್ರಬಂಧಕ್ಕೆ 2013ರಲ್ಲಿ ಫೋಕ್ಸ್‌ವ್ಯಾಗನ್ ಬ್ರಿಟನ್ನಿನ ಹೈಕೋರ್ಟಿನಿಂದ ತಡೆ ತಂದಿತು. ಕೊನೆಗೆ ಒಂದು ವಾಕ್ಯ ಬಿಟ್ಟು ಅದು 2015ರಲ್ಲಿ ಪ್ರಕಟವಾಯಿತು. ಸಂಶೋಧಕರ ಉತ್ತರ ಸರಳ: ಕಳ್ಳರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದವನು ಕಾರು ಕೊಂಡವನೊಬ್ಬನೇ. 2011ರಿಂದ ನಡೆದದ್ದನ್ನು ನೋಡಿದರೆ ಸಂಶೋಧಕರ ಮಾತಿಗೇ ತೂಕ ಜಾಸ್ತಿ. ಹೊರಗಿನವರು ಪರೀಕ್ಷೆ ಮಾಡಿ ಪಟ್ಟಿ ಹಾಕಿದ ಮೇಲೆಯೇ ಕಂಪನಿಗಳು ಅಲುಗಿದ್ದು.

ಸರ್ಕಾರಗಳಿಗೆ ಸುಲಭವಾಗಿ ಕಾಣುವುದು ಉಪಕರಣಗಳ ಮೇಲಿನ ನಿಷೇಧ. ಬ್ರಿಟನ್ ಸರ್ಕಾರ 2025ರಲ್ಲಿ ಮಂಡಿಸಿದ ಮಸೂದೆಯಲ್ಲಿ, ಕಾರು ಕದಿಯಲು ಬಳಸುವ ಎಲೆಕ್ಟ್ರಾನಿಕ್ ಉಪಕರಣ ಇಟ್ಟುಕೊಂಡರೆ 5 ವರ್ಷದವರೆಗೆ ಜೈಲು ಎಂಬ ಪ್ರಸ್ತಾವ ಇತ್ತು. ಕೆನಡಾ 2024ರಲ್ಲಿ ರೇಡಿಯೊ ಸಂಕೇತಗಳನ್ನು ಹಿಡಿದು ಮರಳಿ ಕಳಿಸಬಲ್ಲ ಫ್ಲಿಪರ್ ಝೀರೊ ಎಂಬ ಅಂಗೈಯಗಲದ ಉಪಕರಣವನ್ನು ನಿಷೇಧಿಸಲು ಹೊರಟಿತು. ಅದರಿಂದ ರಿಲೇ ದಾಳಿ ಮಾಡಲು ಬರುವುದಿಲ್ಲ ಎಂದು ತಿಳಿದವರು ಆಕ್ಷೇಪಿಸಿದ ಮೇಲೆ ನಿಲುವು ಸಡಿಲವಾಯಿತು.

ಈ ಚರ್ಚೆಯಲ್ಲಿ ಯಾರೂ ನೆನೆಯದ ಒಬ್ಬರಿದ್ದಾರೆ. ಅವರು ಊರಿನ ಮೆಕ್ಯಾನಿಕ್ ಮತ್ತು ಕೀ ಮಾಡಿಕೊಡುವವರು. ಒಬಿಡಿಗೆ ಬೀಗ ಹಾಕಿ, ಕಂಪನಿಯ ಸರ್ವರಿನ ಅನುಮತಿ ಇಲ್ಲದೆ ಹೊಸ ಕೀ ಸೇರಿಸಲು ಬಾರದಂತೆ ಮಾಡಿದರೆ ಕಳವು ಕಡಿಮೆಯಾಗುತ್ತದೆ, ನಿಜ. ಆದರೆ ಸಿದ್ದಾಪುರದ ಹಳ್ಳಿಯಲ್ಲಿ ಕೀ ಕಳೆದುಕೊಂಡವರು ಏನು ಮಾಡಬೇಕು? ಆ ಕಂಪನಿಯ ಅಧಿಕೃತ ಸರ್ವಿಸ್ ಹತ್ತಿರದಲ್ಲಿ ಇಲ್ಲದಿದ್ದರೆ ಕಾರನ್ನು ಹುಬ್ಬಳ್ಳಿಯವರೆಗೆ ಹೊತ್ತುಕೊಂಡು ಹೋಗಬೇಕು. ಸುಮಾರು ನೂರೈವತ್ತು ಕಿಲೋಮೀಟರಿನ ಟೋಯಿಂಗ್ ಖರ್ಚು, ಮೇಲೆ ಕಂಪನಿ ಹೇಳಿದ ದರ. ದೊಡ್ಡ ಊರಿನವರಿಗೆ ಇದು ಸಣ್ಣ ಕಿರಿಕಿರಿ. ಮಲೆನಾಡಿನವರಿಗೆ ವಾರದ ಕೆಲಸ ಕೆಡುತ್ತದೆ. ಭದ್ರತೆಯ ನಿಯಮ ಬರೆಯುವವರು ನೋಂದಾಯಿತ ಸ್ಥಳೀಯ ಮೆಕ್ಯಾನಿಕ್‌ಗಳಿಗೆ, ಗುರುತು ದಾಖಲಿಸಿಕೊಂಡು, ಈ ಅನುಮತಿ ಸಿಗುವ ದಾರಿಯನ್ನೂ ಇಡಬೇಕು.

ಜಾತ್ರೆ ಮೈದಾನ, ದೇವಸ್ಥಾನದ ಪಾರ್ಕಿಂಗ್

ಮನೆಯ ಅಂಗಳಕ್ಕಿಂತ ಬೇರೆ ಬಗೆಯ ಅಪಾಯ ಜನಜಂಗುಳಿಯಲ್ಲಿದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ರಜಾ ದಿನದ ಮುರ್ಡೇಶ್ವರ, ಗೋಕರ್ಣ, ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ ಎಲ್ಲ ಕಡೆ ಒಂದೇ ಚಿತ್ರ. ಕಾರು ನಿಲ್ಲಿಸಿ, ನಡೆಯುತ್ತಲೇ ಹಿಂದಕ್ಕೆ ಕೈ ಚಾಚಿ ಲಾಕ್ ಗುಂಡಿ ಒತ್ತಿ ಹೋಗುತ್ತಾರೆ. ಅದೇ ಹೊತ್ತಿಗೆ ಪಕ್ಕದಲ್ಲಿ ಯಾರೋ 433 ಮೆಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸಿದರೆ ಆ ಲಾಕ್ ಸಂದೇಶ ಕಾರಿಗೆ ತಲುಪುವುದೇ ಇಲ್ಲ. ಬಾಗಿಲು ತೆರೆದೇ ಇರುತ್ತದೆ. ಇದು ಜಾಮಿಂಗ್. ಇಂಥ ಜಾಮರ್ ಬಳಸುವುದು ನಮ್ಮಲ್ಲಿ ಕಾನೂನುಬಾಹಿರ, ಆದರೆ ಮಾಡುವುದು ಕಷ್ಟವಲ್ಲ. ಕಾರೇ ಹೋಗದಿದ್ದರೂ ಒಳಗಿನ ಬ್ಯಾಗ್, ಲ್ಯಾಪ್‌ಟಾಪ್ ಹೋಗುತ್ತವೆ.

ಲಾಕ್ ಆಯಿತಾ ಎಂದು ನೋಡಲು ಹ್ಯಾಂಡಲ್ ಎಳೆಯುವುದು ಎಲ್ಲರ ಅಭ್ಯಾಸ. ಸ್ಮಾರ್ಟ್ ಕೀ ಜೇಬಿನಲ್ಲಿದ್ದರೆ ಇದು ಮೋಸ ಮಾಡಬಹುದು, ಯಾಕೆಂದರೆ ಕೆಲವು ಕಾರುಗಳು ಕೈ ತಾಗಿದ ಕೂಡಲೇ ನಿಮ್ಮನ್ನು ಗುರುತಿಸಿ ಬಾಗಿಲು ತೆಗೆದುಬಿಡುತ್ತವೆ. ಬದಲಿಗೆ ಇಂಡಿಕೇಟರ್ ಮಿನುಗಿತೇ, ಪಕ್ಕದ ಕನ್ನಡಿಗಳು ಮಡಚಿದವೇ ಎಂದು ಕಣ್ಣಿಂದ ನೋಡಿ ಹೊರಡುವುದು ಸರಿಯಾದ ಪರೀಕ್ಷೆ.

ಇನ್ನೊಂದು ತಪ್ಪಿಗೆ ಯಾವ ಉಪಕರಣವೂ ಬೇಡ. ಎಂಜಿನ್ ಆರಿಸದೆ, ಕೀ ಜೇಬಿನಲ್ಲಿದೆ ಎಂಬ ಧೈರ್ಯದಿಂದ ಚಹಾದಂಗಡಿಗೆ ಇಳಿದು ಹೋಗುವುದು. ಓಡುತ್ತಿರುವ ಕಾರಿಗೆ ಕೀ ಬೇಡ ಎಂದು ಮೇಲೆ ನೋಡಿದೆವಲ್ಲ. ಯಾರಾದರೂ ಹತ್ತಿ ಕೂತರೆ ಅದು ಹೊರಟೇ ಹೋಗುತ್ತದೆ.

ಕಳುವಾದ ಮೇಲೆ: ವಿಮೆಯ ಪ್ರಶ್ನೆ

ಥರ್ಡ್ ಪಾರ್ಟಿ ವಿಮೆಯಲ್ಲಿ ಕಳವಿಗೆ ಪರಿಹಾರ ಇಲ್ಲ. ಸ್ವಂತ ವಾಹನದ ಹಾನಿಗೂ ಸೇರಿಸಿ ಮಾಡಿಸಿದ ವಿಮೆ ಇರಬೇಕು. ಅದಿದ್ದರೂ ವಿಮಾ ಕಂಪನಿ ಸಾಮಾನ್ಯವಾಗಿ ಎರಡೂ ಕೀ ಕೇಳುತ್ತದೆ. ಒಂದು ಕೀ ಇಲ್ಲದಿದ್ದರೆ ಸಂಶಯ ಮಾಲೀಕನ ಮೇಲೇ ಬರುತ್ತದೆ: ಕಾರಿನಲ್ಲೇ ಬಿಟ್ಟಿದ್ದೀರಾ? ಯಾರಿಗಾದರೂ ಕೊಟ್ಟಿದ್ದೀರಾ? ರಿಲೇ ದಾಳಿಯಲ್ಲಿ ಕಷ್ಟ ಇನ್ನೂ ಜಾಸ್ತಿ. ಒಡೆದ ಗಾಜಿಲ್ಲ, ಮುರಿದ ಬೀಗವಿಲ್ಲ. ಎರಡು ಕೀ ಕೈಯಲ್ಲಿದ್ದೂ ಕಾರು ಹೇಗೆ ಹೋಯಿತು ಎಂದು ಮಾಲೀಕನೇ ವಿವರಿಸಬೇಕಾಗುತ್ತದೆ. ಅಂಗಳಕ್ಕೆ ಮುಖ ಮಾಡಿದ ಒಂದು ಸಿಸಿಟಿವಿ ಕ್ಯಾಮೆರಾ ಕಳ್ಳನನ್ನು ತಡೆಯದಿದ್ದರೂ ಈ ಹೊತ್ತಿನಲ್ಲಿ ದೊಡ್ಡ ಸಾಕ್ಷಿ.

ಹಾಗಾಗಿ ಒಂದು ಕೀ ಕಳೆದ ದಿನವೇ ಕಳೆದ ವಸ್ತುವಿನ ದೂರಿಗೆ ಕರ್ನಾಟಕ ಪೊಲೀಸರು ಇಟ್ಟಿರುವ ಆನ್‌ಲೈನ್ ವ್ಯವಸ್ಥೆ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಸರ್ವಿಸ್ ಸೆಂಟರಿನಲ್ಲಿ ಆ ಕೀಯನ್ನು ಕಾರಿನ ನೆನಪಿನಿಂದ ಅಳಿಸಿಹಾಕಿಸಬೇಕು. ಕಾರೇ ಕಳುವಾದರೆ ತಡ ಮಾಡದೆ 112ಕ್ಕೆ ಕರೆ, ಠಾಣೆಯಲ್ಲಿ ಎಫ್‌ಐಆರ್, ವಿಮಾ ಕಂಪನಿಗೆ ಲಿಖಿತ ಸುದ್ದಿ. ಕಳವು ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಬರುತ್ತದೆ. ಪೊಲೀಸರಿಗೆ ಕಾರು ಸಿಗದಿದ್ದರೆ ಪತ್ತೆಯಾಗಿಲ್ಲ ಎಂದು ಕೊಡುವ 'ಸಿ ರಿಪೋರ್ಟ್' ಪರಿಹಾರಕ್ಕೆ ಬೇಕಾಗುತ್ತದೆ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿದೆ. ಇದು ನೆನಪಿರಲಿ.

ಗೋವಾ, ಮುಂಬೈ, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಎಂಜಿನ್, ಟೈರು, ತುಕ್ಕು ಎಲ್ಲ ನೋಡುತ್ತಾರೆ. ಕಾರಿಗೆ ಎಷ್ಟು ಕೀ ಪರಿಚಯವಿದೆ ಎಂದು ಕೇಳುವವರು ವಿರಳ. ಕೈಗೆ ಬಂದಿದ್ದು ಎರಡು, ಸ್ಕ್ಯಾನರಿನಲ್ಲಿ ಕಾಣುವುದು ಮೂರು ಎಂದಾದರೆ ಮೂರನೆಯದು ಯಾರದೋ ಜೇಬಿನಲ್ಲಿದೆ. ಆಗ ಹಳೆಯದನ್ನೆಲ್ಲ ಅಳಿಸಿ, ಕೈಯಲ್ಲಿರುವ ಎರಡನ್ನೇ ಮತ್ತೆ ಸೇರಿಸಿಕೊಡಲು ಹೇಳಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಕೀಯ ಜಾಗ ಬದಲಿಸಿ. ಕೀಯನ್ನು ಎಬ್ಬಿಸುವ ಆ ಕೂಗಿನ ಬಲ ದೂರ ಹೋದಂತೆ ಬಹಳ ಬೇಗ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಸುಮಾರು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಜಗುಲಿಯ ಗೂಟದಿಂದ ನಡುಮನೆಯ ಕಪಾಟಿಗೆ ಕೀ ಹೋದರೆ ಕಳ್ಳನ ಆಂಟೆನಾಗೆ ಕೆಲಸ ತುಂಬ ಕಷ್ಟ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಫಾಯಿಲ್ ತೆಳುವಾಗಿರುತ್ತದೆ, ಹರಿಯುತ್ತದೆ, ನಂಬಲು ಆಗದು. ಸಿಗ್ನಲ್ ತಡೆಯುವ ಚೀಲ ಸಿಗುತ್ತದೆ. ಬಿಗಿ ಮುಚ್ಚಳದ ಕಬ್ಬಿಣದ ಬಿಸ್ಕತ್ ಡಬ್ಬಿಯೂ ಕೆಲವೊಮ್ಮೆ ಸಾಕಾಗುತ್ತದೆ. ಯಾವುದಾದರೂ ಸರಿ, ಪರೀಕ್ಷೆ ಒಂದೇ: ಕೀಯನ್ನು ಅದರೊಳಗೆ ಹಾಕಿ, ಹಿಡಿದುಕೊಂಡು ಕಾರಿನ ಬಾಗಿಲ ಹತ್ತಿರ ಹೋಗಿ ಹ್ಯಾಂಡಲ್ ಗುಂಡಿ ಒತ್ತಿ. ತೆರೆದರೆ ಆ ಡಬ್ಬಿ ಉಪಯೋಗವಿಲ್ಲ. ಎರಡನೇ ಕೀಯನ್ನೂ ಅದರಲ್ಲೇ ಇಡಬೇಕು. ಮರೆತುಹೋಗುವುದು ಯಾವಾಗಲೂ ಅದೇ. ಕೆಲವು ಟೊಯೊಟಾ ಕೀಗಳಲ್ಲಿ ಲಾಕ್ ಗುಂಡಿ ಒತ್ತಿಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ಕೀ ನಿದ್ದೆಗೆ ಹೋಗುತ್ತದೆ. ಬೇರೆ ಕಂಪನಿಗಳಲ್ಲೂ ಇಂಥ ಏರ್ಪಾಡು ಇರಬಹುದು, ಕಾರಿನ ಜೊತೆ ಬಂದ ಪುಸ್ತಕ ತೆರೆದು ನೋಡಿ.

ಒಬಿಡಿ ಮತ್ತು ಕ್ಯಾನ್ ದಾರಿಯ ಕಳ್ಳರಿಗೆ ಇದ್ಯಾವುದೂ ಅಡ್ಡಿಯಲ್ಲ. ಅವರನ್ನು ತಡೆಯುವುದು ಕಬ್ಬಿಣ: ಸ್ಟೇರಿಂಗ್ ಲಾಕ್, ಗೇರ್ ಲಾಕ್, ಒಬಿಡಿ ಸಾಕೆಟಿಗೆ ಬೀಗದ ಮುಚ್ಚಳ. ಹಳೇ ಕಾಲದ ವಸ್ತು ಎನಿಸಬಹುದು, ಆದರೆ ರೇಡಿಯೊ ತರಂಗದಿಂದ ಅದು ತೆರೆಯುವುದಿಲ್ಲ. ಜಿಪಿಎಸ್ ಟ್ರ್ಯಾಕರ್ ಕಳವು ತಡೆಯುವುದಿಲ್ಲ, ಹುಡುಕಲು ನೆರವಾಗುತ್ತದೆ. ಘಟ್ಟದಲ್ಲಿ ನೆಟ್‌ವರ್ಕ್ ಸಿಗದ ಜಾಗ ಬಹಳ ಇರುವುದರಿಂದ, ನೆಟ್‌ವರ್ಕ್ ಇಲ್ಲದಾಗ ದಾರಿಯನ್ನು ನೆನಪಿಟ್ಟು ಆಮೇಲೆ ಕಳಿಸುವಂಥದ್ದನ್ನೇ ಆರಿಸಬೇಕು.

ದೂರ ಅಳೆಯುವ ಕೀ

ಬೇರಿಗೇ ಮದ್ದು ಇದೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ ಬಳಸುವ ಕೀಯ ಜೊತೆ ಕಾರು ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತದೆ. ರೇಡಿಯೊ ತರಂಗ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಕೀ 10 ಮೀಟರ್ ದೂರದ ಜಗುಲಿಯಲ್ಲಿದ್ದರೆ ಆ ತಡ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ನಡುವೆ ಎಷ್ಟೇ ಚುರುಕಿನ ಉಪಕರಣ ಇಟ್ಟರೂ ಸಮಯವನ್ನು ಹಿಂದಕ್ಕೆ ತಿರುಗಿಸಲು ಆಗದು. ಜಾಗ್ವಾರ್ ಲ್ಯಾಂಡ್ ರೋವರ್ 2018ರ ಹೊತ್ತಿಗೆ ಇದನ್ನು ತಂದಿತು, ಎಡಿಎಸಿಯ ಪರೀಕ್ಷೆಯಲ್ಲಿ ಆ ಕೀಗಳು ರಿಲೇ ದಾಳಿಯನ್ನು ತಡೆದವು. ಫೋನನ್ನೇ ಕೀ ಮಾಡುವ ಡಿಜಿಟಲ್ ಕೀಯ 2021ರ ಮಾನದಂಡದಲ್ಲೂ ಇದು ಸೇರಿದೆ. ಚಿಪ್ ಇದ್ದರಷ್ಟೇ ಸಾಲದು, ದೂರ ನೋಡಲು ಅದನ್ನು ಬಳಸಬೇಕು. ಅಲ್ಟ್ರಾ ವೈಡ್‌ಬ್ಯಾಂಡ್ ಇದ್ದ ಟೆಸ್ಲಾ ಮಾಡೆಲ್ 3 ಕಾರನ್ನೂ 2024ರಲ್ಲಿ ಚೀನಾದ ಸಂಶೋಧಕರು ರಿಲೇಯಿಂದಲೇ ತೆರೆದು ತೋರಿಸಿದರು.

ಇದಕ್ಕಿಂತ ಅಗ್ಗದ ಉಪಾಯ ಕೀಯೊಳಗೆ ಅಲುಗಾಟ ಗುರುತಿಸುವ ಸೆನ್ಸರ್. ಫೋರ್ಡ್ 2019ರಲ್ಲಿ ಬ್ರಿಟನ್ನಿನ ಫಿಯೆಸ್ಟಾ, ಫೋಕಸ್ ಕಾರುಗಳಿಗೆ ಇದನ್ನು ಕೊಟ್ಟಿತು. ಕೀ 40 ಸೆಕೆಂಡು ಅಲುಗದಿದ್ದರೆ ಮಲಗುತ್ತದೆ. ಗೂಟದಲ್ಲಿ ತೂಗಿದ ಕೀಗೆ ಆಗ ಯಾರ ಕೂಗೂ ಕೇಳದು. ಸಣ್ಣ ಕಾರಿಗೂ ಇಷ್ಟನ್ನು ಹಾಕಬಹುದು ಎನ್ನುವುದಕ್ಕೆ ಇದೇ ಸಾಕ್ಷಿ.

ವಾಹನಗಳ ಸೈಬರ್ ಭದ್ರತೆಗೆ ವಿಶ್ವಸಂಸ್ಥೆಯ ಆರ್155 ನಿಯಮ 2024ರ ಜುಲೈನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಅದೇ ಜಾಡಿನಲ್ಲಿ ಭಾರತದಲ್ಲಿ ಎಐಎಸ್-189 ಎಂಬ ಮಾನದಂಡ ರೂಪುಗೊಂಡಿದೆ. ಅದು ಬಿಗಿಯಾಗಿ ಜಾರಿಯಾದರೂ ಕೆಲಸ ಮಾಡುವುದು ಮುಂದೆ ಬರುವ ಕಾರುಗಳ ಮೇಲೆ. ಕೀಯೊಳಗೆ ಇಲ್ಲದ ಸೆನ್ಸರನ್ನು, ಕಾರಿನಲ್ಲಿಲ್ಲದ ರೇಡಿಯೊವನ್ನು ಸಾಫ್ಟ್‌ವೇರ್ ಅಪ್‌ಡೇಟ್ ತಂದುಕೊಡುವುದಿಲ್ಲ. ಈ ವರ್ಷ ಶಿರಸಿಯ ಶೋರೂಮಿನಿಂದ ಹೊರಬೀಳುವ ಕಾರು ಇನ್ನು ಹತ್ತು ಹದಿನೈದು ವರ್ಷ ನಮ್ಮ ರಸ್ತೆಯಲ್ಲಿರುತ್ತದೆ. ಸನ್‌ರೂಫ್ ಇದೆಯಾ ಎಂದು ಕೇಳುವ ಹೊತ್ತಿನಲ್ಲೇ ಇನ್ನೂ ಮೂರು ಪ್ರಶ್ನೆ ಕೇಳಬೇಕು: ಅಲುಗದೆ ಇದ್ದಾಗ ಈ ಕೀ ಮಲಗುತ್ತದೆಯೇ? ಇದು ದೂರ ಅಳೆಯುತ್ತದೆಯೇ? ಬೇಡವೆಂದರೆ ಕೀಲೆಸ್ ಸೌಲಭ್ಯವನ್ನು ಬಂದ್ ಮಾಡಿಕೊಡುತ್ತೀರಾ? ಉತ್ತರವನ್ನು ಬರೆದು ಕೊಡಲಿ.